ಒಂಬತ್ತನೆಯ ಪ್ರಶ್ನೆ

"ಇವೇ ಪ್ರಶ್ನೆ ಹೋದ ಸಲನೂ ಕೇಳಿದ್ರಲ್ಲ?" ಲೊರೇನ್ ಚಹಾದ ಮಗ್ ಹಿಡಿದುಕೊಂಡು ನಿಂತೇ ಇದ್ದಳು.

"ಹೌದು. ಹತ್ತು ದಿನ ಬಿಟ್ಟು ಇನ್ನೊಂದ್ಸಲ ಕೇಳ್ಬೇಕು ಅಂತ ನಿಯಮ," ಎಂದಳು ಹೆಸ್ಟರ್. ಆಸರೆ ಮನೆಗಳಲ್ಲಿ ಇರುವವರ ಅಭಿಪ್ರಾಯ ಅಳೆಯಲು ವಿಶ್ವವಿದ್ಯಾಲಯ ಕಳಿಸಿದ ಹುಡುಗಿ. "ಪರೀಕ್ಷೆ ನಿಮಗಲ್ಲ ಲೊರೇನ್, ಪ್ರಶ್ನೆಗಳಿಗೆ. ಅವು ಸರಿಯಾಗಿವೆಯಾ ಅಂತ ನೋಡೋಕೆ ಅಷ್ಟೇ."

ಪ್ರಶ್ನೆಗಳಿಗೆ ಪರೀಕ್ಷೆಯಂತೆ! ಇಂಥ ಮಾತು ನಂಬುವ ಕಾಲ ಲೊರೇನಳಿಗೆ ಎಂದೋ ಮುಗಿದಿತ್ತು. ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ ಎಂಟು ವರ್ಷ ಕಳೆದವಳು ಅವಳು. ಅಲ್ಲಿ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರೆ ಮೊದಲ ಉತ್ತರ ನಂಬಲಿಲ್ಲ ಎಂದರ್ಥ. ಉತ್ತರ ಬದಲಾದರೆ ಮಾತ್ರೆ ಬದಲಾಗುತ್ತಿತ್ತು, ಬಿಡುಗಡೆ ಮುಂದಕ್ಕೆ ಹೋಗುತ್ತಿತ್ತು. ಗ್ರಿಮ್ಸ್‌ಬಿ ಊರಿನ ಈ ಆಸರೆ ಮನೆಗೆ ಬಂದು ಹದಿನಾಲ್ಕು ತಿಂಗಳಾಗಿದೆ. ಒಂದು ಕೋಣೆ, ಒಂದು ಅಡುಗೆ ಮೂಲೆ, ತನ್ನದೇ ಬಾಗಿಲು. ಕೆಳಗಡೆ ನೋಡಿಕೊಳ್ಳುವವರ ಆಫೀಸು. ಅವಳು ಇಲ್ಲೇ ಇರಬಹುದೋ, ವಾರ್ಡಿಗೆ ಮರಳಬೇಕೋ ಎಂದು ಬರುವ ಬುಧವಾರದ ಸಭೆಯಲ್ಲಿ ತೀರ್ಮಾನ.

ಹೆಸ್ಟರ್ ಓದತೊಡಗಿದಳು. ನಾಲ್ಕನೆಯ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು. ಆರನೆಯದಕ್ಕೆ ಅವಳು ಬಾಯಿ ತೆರೆಯುವುದೇ ತಡ, ಲೊರೇನ್ ಗಡಗಡನೆ ಒಪ್ಪಿಸಿದಳು. "ಆರಕ್ಕೆ ಚೆನ್ನಾಗಿದೆ, ಏಳಕ್ಕೆ ಚೆನ್ನಾಗಿದೆ, ಎಂಟಕ್ಕೆ ಪರವಾಗಿಲ್ಲ, ಒಂಬತ್ತಕ್ಕೆ ಯಾವಾಗಲೂ..."

"ತಾಳಿ, ತಾಳಿ, ನಾನಿನ್ನೂ ಓದೇ ಇಲ್ಲ! ಬಾಯಿಪಾಠ ಮಾಡಿದೀರಾ?"

"ಮಾಡಿದ್ರೆ ತಪ್ಪಾ?"

"ನಿಮ್ಮ ಹಳೇ ಉತ್ತರ ನನ್ ಹತ್ರ ಇಲ್ಲ ಲೊರೇನ್. ಹಾಳೆ ಮೇಲೆ ನಿಮ್ಮ ಹೆಸರೂ ಇರಲ್ಲ. ಏನಾದ್ರೂ ಬದಲಾಗಿದ್ರೆ ಬದಲಾಗಿದ್ದೇ ಹೇಳಿ."

"ಡಾಕ್ಟ್ರೂ ಹೀಗೇ ಬೆಣ್ಣೆ ಹಚ್ಚೋರು ಕಣಮ್ಮ. ಆಮೇಲೆ ಎಲ್ಲ ಬರ್ಕೊಳ್ಳೋರು."

ಹೆಸ್ಟರ್ ಬೇಕೆಂದೇ ಒಂಬತ್ತನೆಯದನ್ನು ನಿಧಾನವಾಗಿ ಓದಿದಳು. "ಸಿಬ್ಬಂದಿ ಒಳಗೆ ಬರುವ ಮುನ್ನ ಬಾಗಿಲು ತಟ್ಟಿ ನಿಮ್ಮ ಒಪ್ಪಿಗೆಗೆ ಕಾಯುತ್ತಾರೆಯೇ?"

ಹೋದ ಸಲ ಕೇಳಿದಾಗ 'ಯಾವಾಗಲೂ' ಎಂಬುದು ನಿಜವೇ ಆಗಿತ್ತು. ಆಮೇಲೆ ಬಂದ ಗುರುವಾರ, ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು ಹೊರಬಂದರೆ ಕೋಣೆಯ ನಡುವೆ ಕೆಳಗಿನ ಆಫೀಸಿನ ಕೆಲ್ವಿನ್, ಅವಳನ್ನು ನೋಡಿಕೊಳ್ಳುವವನು, ನಿಂತು ಅವಳ ಮಾತ್ರೆಗಳನ್ನು ನೋಡುತ್ತಿದ್ದ. "ಗಾಬರಿ ಆಗ್ಬೇಡ, ನಾನೇ," ಎಂದಿದ್ದ. ಅಂದಿನಿಂದ ದಿನವೂ ಹಾಗೆಯೇ. ರಾತ್ರಿಯೂ ಅವಳು ಹಗಲಿನ ಬಟ್ಟೆಯಲ್ಲೇ ಮಲಗುತ್ತಿದ್ದಳು. ಇದನ್ನು ಹೇಳಲೆಂದು ಬಾಯಿ ತೆರೆದಳು.

ಬೀಗದಲ್ಲಿ ಕೀಲಿ ತಿರುಗಿತು. ಕೆಲ್ವಿನ್ ನಗುತ್ತ ಒಳಬಂದು ತಟ್ಟೆಯಿಂದ ಒಂದು ಬಿಸ್ಕತ್ತು ಎತ್ತಿಕೊಂಡ.

"ಹೇಗೆ ಮಾಡ್ತಿದಾಳೆ ನಮ್ಮ ಲೊರೇನ್? ಹೋದ ಸಲ ಹೇಳಿದ್ದೇ ಹೇಳು ಅಂತ ನಾನೇ ಹೇಳ್ಕೊಟ್ಟಿದೀನಿ ಮೇಡಂ. ಸಲಕ್ಕೊಂದು ಹೇಳಿದ್ರೆ ಮತ್ತೆ ತಲೆ ಕೆಟ್ಟಿದೆ ಅಂದ್ಕೋತಾರೆ. ಬುಧವಾರ ಬೇರೆ ಹತ್ರ ಬಂತು."

ಕೆಟ್ಟವನಲ್ಲ ಅವನು. ಅವಳ ಒಳ್ಳೆಯದಕ್ಕೇ ಹೇಳಿದ್ದೇನೆಂದು ಮನಸಾರೆ ನಂಬಿದ್ದ. ಕಷ್ಟವಿದ್ದದ್ದೇ ಅಲ್ಲಿ.

"ನೀವು ಬಾಗಿಲು ತಟ್ಟಲಿಲ್ಲ," ಎಂದಳು ಹೆಸ್ಟರ್.

"ಅಯ್ಯೋ, ನಾವೇನು ಹೊರಗಿನವರಾ? ಏನ್ ಲೊರೇನ್?"

"ಇಲ್ಲ ಇಲ್ಲ," ಎಂದಳು ಲೊರೇನ್, ನೆಲ ನೋಡುತ್ತ. "ಒಂಬತ್ತಕ್ಕೆ ಯಾವಾಗಲೂ ಅಂತ ಬರ್ಕೊಳ್ಳಮ್ಮ."

"ಭೇಷ್!" ಕೆಲ್ವಿನ್ ಬಾಗಿಲೆಳೆದುಕೊಂಡು ಕೆಳಗಿಳಿದು ಹೋದ.

ಹೆಸ್ಟರಳಿಗೆ ಮೈಯೆಲ್ಲ ಉರಿಯಿತು. ಆದರೂ ಪೆನ್ಸಿಲ್ ಹಿಡಿದು 'ಯಾವಾಗಲೂ' ಎಂಬಲ್ಲಿ ಗುರುತು ಹಾಕಿದಳು.

"ಬರ್ದೇ ಬಿಟ್ರಾ?" ಲೊರೇನಳ ದನಿ ಸಣ್ಣಗಾಯಿತು. "ಕಣ್ಣಾರೆ ನೋಡಿದ್ರಲ್ಲ!"

"ನೋಡ್ದೆ. ಅದನ್ನ ನಮ್ಮ ವಿಶ್ವವಿದ್ಯಾಲಯದಲ್ಲಿ ಹೇಳೇ ಹೇಳ್ತೀನಿ. ಆದ್ರೆ ನಾನು ನೋಡಿದ್ದು ಈ ಹಾಳೆಗೆ ಬೇಡ. ಇದರಲ್ಲಿ ನಿಮ್ಮ ಮಾತು ಬಿಟ್ಟು ಬೇರೆ ಯಾರದ್ದೂ ಬರಲ್ಲ."

ಲೊರೇನ್ ಅವಳನ್ನೇ ದಿಟ್ಟಿಸಿದಳು. ಎಂಟು ವರ್ಷ ಅವಳ ಬಗ್ಗೆ ಬರೆದದ್ದೆಲ್ಲ ಬೇರೆಯವರು ಕಂಡದ್ದು. ತಿಂದಳು, ತಿನ್ನಲಿಲ್ಲ, ಅತ್ತಳು, ಒಬ್ಬಳೇ ನಕ್ಕಳು. ಅವಳ ಮಾತನ್ನು ಅವಳು ಹೇಳಿದಂತೆಯೇ ಯಾರೂ ಬರೆದುಕೊಂಡಿರಲಿಲ್ಲ.

ಮಗ್ ಮೇಜಿನ ಮೇಲಿಟ್ಟಳು. ಕಿಟಕಿಯ ಬಳಿಯ ಭಾರದ ಕುರ್ಚಿಯನ್ನು ಎರಡೂ ಕೈಯಿಂದ ಕರಕರ ಎಳೆದು ತಂದು ಬಾಗಿಲಿಗೆ ಒತ್ತಿ ನಿಲ್ಲಿಸಿದಳು. ಅದರಲ್ಲಿ ಕೂತು, ಬೆನ್ನನ್ನು ಹಿಂದಕ್ಕೆ ಒತ್ತಿ, ಪಾದಗಳನ್ನು ನೆಲಕ್ಕೆ ಬಲವಾಗಿ ಊರಿದಳು.

"ಈಗ ಒಂಬತ್ತನೇದು ಇನ್ನೊಂದ್ಸಲ ಕೇಳಿ."