ಶುಕ್ರವಾರದ ಗಂಟು

ಬಾಡಿಗೆ ಕಾರಿನವನಿಗೆ ನಲವತ್ತು ಡಾಲರ್ ಖರ್ಚು. ಕುದುರೆ ಜೀನು ಹೊಲಿಯುವ ಅಂಗಡಿಗೆ ಬೆಳಗಿನಿಂದ ಬಾಗಿಲು ಹಾಕಿದ್ದರಿಂದ ಆದ ನಷ್ಟ ಕಡಿಮೆಯೆಂದರೂ ಎಂಬತ್ತು. ಬೆರಳಚ್ಚಿಗೆಂದು ಇಟ್ಟುಕೊಂಡಿದ್ದ ಐವತ್ತು ಮಾತ್ರ ಜೇಬಿನಲ್ಲೇ ಉಳಿದಿತ್ತು. ಪಟ್ಟಣದ ಬೆರಳಚ್ಚು ಕಚೇರಿಯವರು ಎರ್ವಿನ್ ಟ್ರೋಯರನ ಬೆರಳನ್ನು ಮುಟ್ಟಿಯೇ ಇರಲಿಲ್ಲ. ಅವನು ಅಲ್ಲಿಂದ ನೇರವಾಗಿ ಮಗಳ ಶಾಲೆಯ ಆಫೀಸಿಗೆ ಬಂದು, ಹುಲ್ಲಿನ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು ಕೂತ.

"ಆಯ್ತಾ?" ಎಂದಳು ಆಫೀಸು ನೋಡಿಕೊಳ್ಳುವ ಡಾರ್ಲೀನ್.

"ಎಲ್ಲಿಂದ? ಫೋಟೋ ಇರೋ ಕಾರ್ಡೇ ಬೇಕಂತೆ. ನಾವು ಆಮಿಶ್ ಜನ, ನಮ್ಮ ಧರ್ಮದಲ್ಲಿ ಫೋಟೋ ತೆಗೆಸ್ಕೊಳ್ಳಲ್ಲ ಅಂದೆ. ಹಾಗಾದ್ರೆ ನೀನೇ ಎರ್ವಿನ್ ಅಂತ ಏನು ಗ್ಯಾರಂಟಿ ಅಂದ್ರು."

"ನೀನೇನಂದೆ?"

"ಹುಟ್ಟಿದಾಗಿಂದ ನಾನೇ ಇದೀನಿ, ಆ ಜಾಗಕ್ಕೆ ಬೇರೆ ಯಾರೂ ಅರ್ಜಿ ಹಾಕಿಲ್ಲ ಅಂದೆ."

ಡಾರ್ಲೀನ್ ನಕ್ಕಳು. ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ. ಎರ್ವಿನ್‌ನ ಮಗಳು ಲೊವೀನಾಗೆ ಬಸ್ಸಿನ ಸದ್ದೆಂದರೆ ಜೀವ ಹೋಗುವಷ್ಟು ಹೆದರಿಕೆ. ನಾಲ್ಕು ವರ್ಷದಿಂದ ಅವಳನ್ನು ಕುದುರೆಗಾಡಿಯಲ್ಲಿ ಶಾಲೆಗೆ ತರುತ್ತಿದ್ದವನು ಅವನೇ. ಶುಕ್ರವಾರಗಳಂದು ಒಂದು ಗಂಟೆ ಅವಳ ತರಗತಿಯಲ್ಲೇ ಉಳಿಯುತ್ತಿದ್ದ. ಕಲಿಕೆ ನಿಧಾನವಾದ ಮಕ್ಕಳ ತರಗತಿ ಅದು. ಆ ಮಕ್ಕಳ ಬೆರಳು ಹೇಳಿದ ಮಾತು ಕೇಳುವುದಿಲ್ಲ, ಶೂ ಲೇಸ್ ಸದಾ ನೆಲ ಗುಡಿಸುತ್ತಿರುತ್ತದೆ. ಎಲ್ಲರ ಲೇಸನ್ನೂ ಎರ್ವಿನ್ ಕಟ್ಟುತ್ತಿದ್ದ. ಚರ್ಮದ ಪಟ್ಟಿ ಬಿಗಿದು ಪಳಗಿದ ಕೈಯ ಗಂಟು, ಮನೆ ಸೇರುವವರೆಗೂ ಬಿಚ್ಚುತ್ತಿರಲಿಲ್ಲ. ಈ ವರ್ಷ ಹೊಸ ನಿಯಮ ಬಂದಿತ್ತು: ಬೆರಳಚ್ಚು ಪಡೆದು, ಪೊಲೀಸ್ ದಾಖಲೆ ನೋಡಿ ಒಪ್ಪಿಗೆ ಸಿಗುವವರೆಗೆ ಹೊರಗಿನ ಯಾರೂ ಮಕ್ಕಳ ನಡುವೆ ಕೆಲಸ ಮಾಡುವಂತಿಲ್ಲ. ಮರುದಿನ ತರಗತಿ ಬಸ್ಸಿನಲ್ಲಿ ಸೇಬಿನ ತೋಟಕ್ಕೆ ಹೊರಡುವುದಿತ್ತು. ಅಪ್ಪ ಬಾರದಿದ್ದರೆ ಲೊವೀನಾ ಒಬ್ಬಳೇ ಶಾಲೆಯಲ್ಲಿ ಉಳಿಯಬೇಕು.

"ಬೇಲಿ ಹಾಕೋದು ತೋಳ ತಡೆಯೋಕೆ, ಎರ್ವಿನ್. ಆದ್ರೆ ಬೇಲಿಗೆ ಕಣ್ಣಿಲ್ಲ. ನಿನ್ನನ್ನೂ ತಡೆಯುತ್ತೆ."

"ಬೇಲಿ ಬೇಡ ಅಂತ ನಾನೆಲ್ಲಿ ಅಂದೆ? ಲೊವೀನಾನ ಇಲ್ಲಿಗೆ ಕಳಿಸೋಕೆ ಮುಂಚೆ ನಾವೂ ನಿಮ್ಮನ್ನೆಲ್ಲ ವಿಚಾರಿಸಿದ್ವಿ."

"ನನ್ನನ್ನೂನಾ? ಯಾರ ಹತ್ರ?"

"ನಿಮ್ಮತ್ತೆ ಹತ್ರ."

ಡಾರ್ಲೀನಳ ಕೈಲಿದ್ದ ಪೆನ್ನು ಮೇಜಿನ ಮೇಲೆ ಬಿತ್ತು. "ಅಯ್ಯೋ ದೇವರೇ! ಏನಂದ್ಲು ಆ ಮುದುಕಿ?"

"ಕಾಫಿ ಆರೋವರೆಗೂ ನಿಮ್ಮನ್ನ ಬೈದ್ರು. ಕೊನೇಲಿ, 'ಆದ್ರೆ ನಾನು ಹಾಸಿಗೆ ಹಿಡಿದಾಗ ದಿನಾ ತಲೆ ಬಾಚಿದ್ದು ಅವಳೇ' ಅಂದ್ರು. ನನ್ನ ಹೆಂಡ್ತಿ, ಅಷ್ಟು ಸಾಕು ನಡೀರಿ ಅಂದ್ಲು."

ಡಾರ್ಲೀನ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದಳು. ಆಮೇಲೆ ಹೇಳಿದಳು: "ನಾಳೆ ಮಗಳನ್ನ ನಿನ್ನ ಗಾಡೀಲೇ ತೋಟಕ್ಕೆ ಕರ್ಕೊಂಡು ಬಾ. ಸ್ವಂತ ಮಗಳ ಕೈ ಹಿಡಿಯೋಕೆ ಯಾರ ಅಪ್ಪಣೆನೂ ಬೇಡ. ಬೇರೆ ಮಕ್ಕಳನ್ನ ಮಾತ್ರ ಮುಟ್ಟೋ ಹಾಗಿಲ್ಲ. ನಾನೂ ಅಲ್ಲಿರ್ತೀನಿ. ಫೋಟೋ ಇಲ್ದೆ ಆಗೋ ದಾರಿ ಇದ್ಯಾ ಅಂತ ಮೇಲಿನವರಿಗೆ ಇವತ್ತೇ ಬರೀತೀನಿ."

ಮಾರನೆಯ ದಿನ ತೋಟದಲ್ಲಿ ಗಾಡಿ ನಿಂತದ್ದೇ ತಡ, ಮಕ್ಕಳೆಲ್ಲ ಓಡಿಬಂದು ಅವನ ಮುಂದೆ ಕಾಲು ಚಾಚಿದರು. ಎರ್ವಿನ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಇವತ್ತು ನಾನು ಮುಟ್ಟೋ ಹಾಗಿಲ್ಲ ಮಕ್ಕಳೇ."

"ಯಾಕೆ, ಜ್ವರಾನಾ?" ಎಂದ ಕೆಂಪು ಕೂದಲಿನ ಬ್ರಾಡಿ.

ಡಾರ್ಲೀನ್ ತಾನೇ ಕಟ್ಟಲು ಬಗ್ಗಿದಳು. ಒಂದು ಕಾಲು ಮುಗಿಸುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತು. ಎರ್ವಿನ್ ದೂರದಲ್ಲಿ ಸೇಬಿನ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತು, ತನ್ನದೇ ಬೂಟಿನ ಲೇಸ್ ಬಿಚ್ಚಿದ. "ನೋಡಿ, ಇದು ಕುದುರೆಯ ಒಂದು ಕಿವಿ. ಇದು ಇನ್ನೊಂದು. ಈ ಕಿವೀನ ಆ ಕಿವಿ ಕೆಳಗೆ ತೂರಿಸಿ. ಹಾಂ, ಈಗ ಎಳೀರಿ."

ಬ್ರಾಡಿ ಎರಡು ಶೂಗಳನ್ನೂ ಸೇರಿಸಿ ಗಂಟು ಹಾಕಿಕೊಂಡು ಮುಗ್ಗರಿಸಿದ. ಒಬ್ಬಳು ಅತ್ತಳು. ಎರ್ವಿನ್‌ನ ಕೈ ಎಷ್ಟೋ ಸಲ ತಾನಾಗಿ ಮುಂದೆ ಹೋಗಿ, ಮತ್ತೆ ಬಂದು ತೊಡೆಯ ಮೇಲೆ ಕೂತಿತು. ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. ಸೇಬಿನ ರಸ ಕುಡಿಯಲು ಕರೆ ಬರುವ ಹೊತ್ತಿಗೆ ಬ್ರಾಡಿ ಕಾಲನ್ನು ಮೇಲೆತ್ತಿ ತೋಟವೆಲ್ಲ ಕೇಳುವಂತೆ ಕೂಗಿದ: "ಕಿವಿ ಬಂತು! ನನ್ನ ಕುದುರೆಗೆ ಕಿವಿ ಬಂತು!"

ಅಂದಿನಿಂದ ತರಗತಿಯಲ್ಲಿ ದಿನವೂ ಕುದುರೆ ಕಿವಿಯದೇ ಆಟ. ಮೇಲಿನವರು ಫೋಟೋದ ಪಟ್ಟು ಬಿಟ್ಟು ಬರೀ ಬೆರಳಚ್ಚನ್ನೇ ಒಪ್ಪಿಕೊಂಡು ಅನುಮತಿ ಕಳಿಸುವಷ್ಟರಲ್ಲಿ ಹೊರಗೆ ಹಿಮ ಬಿದ್ದಿತ್ತು. ಎರ್ವಿನ್ ಶುಕ್ರವಾರ ಬೇಗನೆ ಅಂಗಡಿ ಮುಚ್ಚಿ ಬಂದ. ಬಾಗಿಲಲ್ಲೇ ಮಕ್ಕಳು ಸಾಲಾಗಿ ಕೂತು ಕಾಲು ಚಾಚಿ ತೋರಿಸಿದರು. ಎಲ್ಲ ಲೇಸೂ ಕಟ್ಟಿತ್ತು. ಸೊಟ್ಟ, ಆದರೆ ಗಟ್ಟಿ. ಮಕ್ಕಳು ತಮ್ಮ ಶೂ ತಾವೇ ಕಟ್ಟಲು ಕಲಿತರು, ಅದು ಲಾಭ. ಎರ್ವಿನ್‌ಗೆ ಶುಕ್ರವಾರದ ಕೆಲಸ ಹೋಯಿತು, ಅದು ನಷ್ಟ. ಅವನು ಎಲ್ಲರನ್ನೂ ಹೊಗಳಿ, ಇನ್ನೇನು ಮಾಡಲೂ ತೋಚದೆ, ಹೊರಡಲೆಂದು ಟೋಪಿಗೆ ಕೈ ಹಾಕಿದ.

"ಅಪ್ಪಾ," ಎಂದಳು ಲೊವೀನಾ, ಬಲಗಾಲು ಮುಂದೆ ಚಾಚಿ. ಲೇಸ್ ನೆಲದ ಮೇಲೆ ಉದ್ದಕ್ಕೆ ಬಿದ್ದಿತ್ತು.

ಬೆಳಿಗ್ಗೆ ಗಾಡಿ ಹತ್ತುವ ಮುಂಚೆ ಅವಳೇ ಅದನ್ನು ಎರಡು ಗಂಟು ಹಾಕಿ ಬಿಗಿದುಕೊಂಡದ್ದನ್ನು ಅವನು ಕಣ್ಣಾರೆ ನೋಡಿದ್ದ.