ಗಿರಣಿಯೊಳಗಿನ ಎಂಟನೆಯವನು

"ಸಾರ್, ನನ್ನ ವರ್ಗಾವಣೆ ಅರ್ಜಿ. ಸಹಿ ಹಾಕಿ."

ಅಗ್ನಿಶಾಮಕ ಠಾಣೆಯ ಸಾಹೇಬರು ತಲೆಯೆತ್ತಲಿಲ್ಲ. ಅವರ ಕಣ್ಣು ಮೂಲೆಯ ಹಳೇ ಕಂಪ್ಯೂಟರಿಗೆ ಅಂಟಿಕೊಂಡಿತ್ತು. ಗುಜರಿಯವನೂ ಬೇಡವೆಂದು ಬಿಟ್ಟುಹೋದ ಡಬ್ಬ ಅದು. ಅದಕ್ಕೆ ಬರುತ್ತಿದ್ದದ್ದು ಒಂದೇ ಆಟ. ಎರಡನೆಯ ಮಹಾಯುದ್ಧ, ಎಂಟು ಸೈನಿಕರ ಒಂದು ತುಕಡಿ, ಇರುವೆಯಷ್ಟು ಮನುಷ್ಯರು. ನಮ್ಮದೊಂದು ಸರದಿ, ಶತ್ರುವಿನದೊಂದು ಸರದಿ. ಅರ್ಜಿ ತಂದವನನ್ನು ಠಾಣೆಯಲ್ಲಿ ಎಲ್ಲರೂ ಏಣಿ ಎಂದೇ ಕರೆಯುತ್ತಿದ್ದರು, ಏಣಿ ಹತ್ತುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಬ್ಯಾಂಡೇಜು ಸುತ್ತಿದ ಕೈಯಲ್ಲೇ ಅವನು ಅರ್ಜಿಯನ್ನು ಕೀಬೋರ್ಡಿನ ಮೇಲಿಟ್ಟ.

ಕಳೆದ ವಾರ ನೂಲಿನ ಗೋದಾಮಿಗೆ ಬೆಂಕಿ ಬಿದ್ದಿತ್ತು. ಮೂಟೆಗಳ ಹಿಂದೆ ಯಾರಾದರೂ ಇದ್ದಾರೇನೋ ಎಂದು ನೋಡಲು ಸಾಹೇಬರು ಏಣಿಯನ್ನು ಒಳಗೆ ಕಳಿಸಿದ್ದರು. ಯಾರೂ ಇರಲಿಲ್ಲ, ಅಷ್ಟರಲ್ಲಿ ತೊಲೆ ಕುಸಿದು ಅವನೇ ಸಿಕ್ಕಿಕೊಂಡ. ಸಾಹೇಬರು ಸೀಟಿ ಊದಿ ಉಳಿದವರನ್ನೆಲ್ಲ ಹೊರಗೆಳೆದರು. ಒಳಗೆ ನುಗ್ಗಲು ಹೋದ ಡ್ರೈವರನ್ನು ಕೊರಳಪಟ್ಟಿ ಹಿಡಿದು ನಿಲ್ಲಿಸಿದರು. ಆ ಡ್ರೈವರ್ ಏಣಿಯ ಅಕ್ಕನ ಗಂಡ, ಹಾಗಾಗಿ ಠಾಣೆಗೆಲ್ಲ ಭಾವ. ಕೊನೆಗೆ ಏಣಿ ನೀರು ಹರಿಯುವ ಕಿಂಡಿಯಲ್ಲಿ ತೆವಳಿ, ಬದುಕಿದೆಯಾ ಬಡಜೀವವೇ ಎಂದು ತಾನೇ ಹೊರಬಂದಿದ್ದ. ಸುಟ್ಟ ಕೈ ಮಾಯುತ್ತಿತ್ತು. ಆ ಸೀಟಿ ಮಾತ್ರ ಕಿವಿ ಬಿಟ್ಟು ಹೋಗಿರಲಿಲ್ಲ.

ಈಗ ಏಣಿ ಪರದೆಯ ಅಂಚಿನಲ್ಲಿ ಸಾಹೇಬರು ಸೈನಿಕರಿಗೆ ಇಟ್ಟಿದ್ದ ಹೆಸರುಗಳನ್ನು ಓದಿದ. ಭಾವ, ಮೀಸೆ, ಗುಂಡಣ್ಣ, ತಾತ... ಎಂಟೂ ಠಾಣೆಯವರ ಅಡ್ಡಹೆಸರುಗಳೇ. ಎಂಟನೆಯದು ಅವನದು. ಆ ಹೆಸರಿನ ಸೈನಿಕ ಹೊತ್ತಿ ಉರಿಯುತ್ತಿದ್ದ ಒಂದು ಗಿರಣಿಯೊಳಗೆ ಗಾಯಗೊಂಡು ಕೆಂಪಗೆ ಮಿನುಗುತ್ತ ಬಿದ್ದುಕೊಂಡಿದ್ದ. ಬೆಂಕಿ ಆರಿಸುವವನ ಹೊಟ್ಟೆಗೇ ಬೆಂಕಿ ಬಿದ್ದರೆ ಆರಿಸುವವರು ಯಾರು?

"ಒಂದ್ಸಲ ಬಿಟ್ಟು ಬಂದಿದ್ದು ಸಾಲ್ದು ಅಂತ ಇಲ್ಲೂ ಬಿಡ್ತಿದ್ದೀರಾ?"

ಸಾಹೇಬರು ಕುರ್ಚಿ ಬಿಟ್ಟು ಎದ್ದರು. "ಸಹಿ ಹಾಕ್ತೀನಿ ಕಣಯ್ಯಾ. ಮೊದ್ಲು ಇಲ್ಲಿ ಕೂತ್ಕೋ. ಗಿರಣಿ ಕುಸಿಯೋಕೆ ಇನ್ನು ಮೂರು ಸರದಿ ಇದೆ. ಅವನನ್ನ ನೀನೇ ಕರ್ಕೊಂಡ್ ಬಾ ನೋಡೋಣ."

ಏಣಿ ಹಟಕ್ಕೆ ಬಿದ್ದು ಕೂತ. ಮೊದಲ ಸರದಿಗೆ ಮೀಸೆಯನ್ನು ಓಡಿಸಿದ. ಅಂಗಳ ಅರ್ಧ ದಾಟುವಷ್ಟರಲ್ಲಿ ಮೆಷಿನ್ ಗನ್ ಕಟಕಟಿಸಿತು. ಮೀಸೆಯ ಹೆಸರು ಬೂದಿ ಬಣ್ಣಕ್ಕೆ ತಿರುಗಿತು. ಕಿಟಕಿಯಾಚೆ ನಿಜವಾದ ಮೀಸೆ ಪೈಪು ಸುತ್ತುತ್ತ ಯಾರನ್ನೋ ಬೈಯುತ್ತಿದ್ದ. ಎರಡನೆಯ ಸರದಿಗೆ ಗುಂಡಣ್ಣ. ಬಾಗಿಲು ಮುಟ್ಟಿದ, ಅಲ್ಲೇ ಬಿದ್ದ. ಇನ್ನು ಹತ್ತಿರವಿದ್ದವನು ಒಬ್ಬನೇ, ಭಾವ. ಏಣಿಯ ಬೆರಳು ಕೀಲಿಯ ಮೇಲೆ ನಿಂತುಬಿಟ್ಟಿತು.

"ಹೊಗೆ ಬಾಂಬ್ ಎಸೆದು ಕಳಿಸಿದ್ರೆ?"

"ಅದನ್ನೂ ಮಾಡಿ ನೋಡಿದ್ದೀನಿ. ಬೇಗ ಹೇಳು. ಕಳಿಸ್ತೀಯೋ, ಬಿಡ್ತೀಯೋ?"

ಏಣಿ ಒತ್ತಿದ. ಭಾವ ಓಡಿದ, ಒಳಹೊಕ್ಕ, ಬಿದ್ದವನನ್ನು ಬಾಗಿಲಾಚೆ ದಬ್ಬಿದ. ಅಷ್ಟರಲ್ಲಿ ಚಾವಣಿ ಕುಸಿಯಿತು. ಏಣಿಯ ಹೆಸರು ಹಸಿರಾಯಿತು, ಭಾವನದು ಬೂದಿ. ತುಕಡಿ ಗೆದ್ದಿತೆಂದು ಕಂಪ್ಯೂಟರು ಕೀರಲು ದನಿಯಲ್ಲಿ ತುತ್ತೂರಿ ಊದಿತು.

ಆಗಲೇ ಬಾಗಿಲು ತಳ್ಳಿಕೊಂಡು ಡ್ರೈವರ್ ಭಾವ ತಲೆ ಹಾಕಿದ. "ಏನೋ, ಕೈ ಹೇಗಿದೆ? ನಿಮ್ಮಕ್ಕ ಊಟಕ್ಕೆ ಕರ್ಕೊಂಡೇ ಬಾ ಅಂದಿದ್ದಾಳೆ. ತಪ್ಪಿಸ್ಕೊಂಡ್ರೆ ನನಗೂ ಊಟ ಇಲ್ಲ!"

ಏಣಿಗೆ ಆ ಮುಖ ನೋಡುವ ಧೈರ್ಯ ಬರಲಿಲ್ಲ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. "ಬರ್ತೀನಿ, ಭಾವ" ಎಂದು ಕೀಬೋರ್ಡಿಗೆ ಹೇಳಿದ. ಭಾವ ಶಿಳ್ಳೆ ಹಾಕುತ್ತ ಹೊರಟುಹೋದ.

ಸಾಹೇಬರು ಅರ್ಜಿಗೆ ಸಹಿ ಹಾಕಿ ಮುಂದೆ ಹಿಡಿದರು. ಏಣಿ ಕೈಚಾಚಲಿಲ್ಲ.

"ನೀವೆಷ್ಟು ಸಲ ಆಡಿದ್ದೀರಿ ಸಾರ್?"

"ನಲವತ್ತೊಂದು."

"ಒಂದ್ಸಲಾನಾದ್ರೂ ಎಂಟೂ ಜನ ಬದುಕಿ ಬಂದ್ರಾ?"

ಸಾಹೇಬರು ಅರ್ಜಿಯನ್ನು ಮೇಜಿನ ಮೇಲಿಟ್ಟರು.

"ಬಂದ್ರು, ಒಂದೇ ಸಲ. ಅವತ್ತು ನಾನು ನಿನ್ನನ್ನ ಒಳಗೆ ಕಳಿಸಿರಲೇ ಇಲ್ಲ."