ಮಹಡಿಗೊಂದು ವೈಫೈ

ರಿಟೈರಾದ ವಿಶಾಲಾಕ್ಷಿ ಟೀಚರ್ ದಿನಾ ಬೆಳಿಗ್ಗೆ ವೈಫೈ ಪಾಸ್‌ವರ್ಡ್ ಬದಲಿಸುತ್ತಿದ್ದರು. ಮಹಡಿಯಲ್ಲಿ ಬಾಡಿಗೆಗಿದ್ದ ನರ್ಸ್ ಸಂಜೆ ಡ್ಯೂಟಿ ಮುಗಿಸಿ ಬಂದು, ಕೆಳಗಿಳಿದು ಹೊಸ ಪಾಸ್‌ವರ್ಡ್ ಕೇಳಬೇಕು. ಟೀಚರ್ ಕೋಡುಬಳೆ ಕೊಟ್ಟು, ಕಾಫಿ ಕುಡಿಸಿ, ಅವಳು ಏಳುವ ಹೊತ್ತಿಗೆ ಹೇಳುವರು. ಆ ಮನೆಯ ಬೆಲ್ ಒತ್ತುತ್ತಿದ್ದವಳು ಅವಳೊಬ್ಬಳೇ.

ರೂಟರ್ ರಿಪೇರಿಗೆ ಬಂದವನು ಇದನ್ನು ಕೇಳಿ ನಕ್ಕುಬಿಟ್ಟ. "ದಿನಾ ಯಾಕೆ ಮೇಡಂ ಈ ಗೋಳು?"

"ಕಾಲ ಕೆಟ್ಟಿದೆಯಪ್ಪ. ಯಾರಾದರೂ ಕಂಪ್ಯೂಟರ್ ಒಳಗೆ ನುಗ್ಗಿದರೆ?"

"ಮೇಲಿನವರಿಗೆ ಬೇರೆ ಕನೆಕ್ಷನ್ನೇ ಮಾಡಿಕೊಡ್ತೀನಿ. ಅದರಿಂದ ನಿಮ್ಮ ಕಂಪ್ಯೂಟರ್ ಮುಟ್ಟೋಕಾಗಲ್ಲ. ಒಂದ್ಸಲ ಪಾಸ್‌ವರ್ಡ್ ಹಾಕಿಬಿಟ್ಟರೆ, ಅವರು ಮತ್ತೆ ಕೇಳೋಕೆ ಬರೋದೇ ಬೇಡ."

ಬೇಡವೆನ್ನಲು ಟೀಚರಿಗೆ ಕಾರಣ ಹೊಳೆಯಲಿಲ್ಲ. ಡ್ಯೂಟಿಗೆ ಹೊರಟಿದ್ದ ನರ್ಸ್ ಫೋನಿಗೆ ಹೊಸ ಪಾಸ್‌ವರ್ಡ್ ಹಾಕಿಕೊಟ್ಟೇ ಅವನು ಹೋದ.

ಸಂಜೆ ಚಪ್ಪಲಿ ಸದ್ದು ಮಹಡಿ ಹತ್ತಿತು, ಎಂದಿನಂತೆ ಕೆಳಗಿಳಿಯಲಿಲ್ಲ. ಟೀಚರ್ ಒಬ್ಬರಿಗಾಗುವಷ್ಟೇ ಹಾಲು ಕಾಯಿಸಲಿಟ್ಟರು.

ಹಾಲು ಉಕ್ಕುವ ಹೊತ್ತಿಗೆ ಬೆಲ್ ಆಯಿತು. ಬಾಗಿಲಲ್ಲಿ ನರ್ಸ್, ಫೋನಿನಲ್ಲಿ ಅವಳ ತಾಯಿಯ ಮುಖ.

"ಹೊಸ ವೈಫೈಲಿ ಎಷ್ಟು ಚೆನ್ನಾಗಿ ಕಾಣ್ತೀಯಮ್ಮ! ಇರು, ಆಮೇಲೆ ಮಾಡ್ತೀನಿ" ಎಂದು ಕಾಲ್ ಕಟ್ ಮಾಡಿ, ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು.

"ಟೀಚರ್, ಇವತ್ತಿನ ಪಾಸ್‌ವರ್ಡ್ ಏನು?"